ತಾತನ ಟ್ರಂಕಿನಲ್ಲಿ ಸಿಕ್ಕ 1837ರ ಡಿಕನ್ಸ್: ಇದು ಮೊದಲ ಆವೃತ್ತಿಯಾ?

ಪ್ರಶ್ನೆ: ನಮ್ಮ ತಾತ ಮೈಸೂರಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದರು. ಶಿವಮೊಗ್ಗದ ನಮ್ಮ ಮನೆಯ ಅಟ್ಟದಲ್ಲಿ ಈಗ ಅವರ ಟ್ರಂಕು ಸಿಕ್ಕಿದೆ. ಅದರಲ್ಲಿ ಡಿಕನ್ಸ್‌ನ ‘ಪಿಕ್‌ವಿಕ್ ಪೇಪರ್ಸ್’ ಇದೆ. ಒಂದೇ ಸಂಪುಟ, ಚರ್ಮದ ಬೆನ್ನು, ಶೀರ್ಷಿಕೆ ಪುಟದಲ್ಲಿ ‘ಲಂಡನ್, ಚಾಪ್‌ಮನ್ ಅಂಡ್ ಹಾಲ್, 1837’ ಎಂದಿದೆ. ಜೊತೆಗೆ ಥಾಮಸ್ ಹಾರ್ಡಿಯ ಒಂದು ಕಾದಂಬರಿ, ಮೇಲೆ ‘ಮ್ಯಾಕ್‌ಮಿಲನ್ಸ್ ಕಲೋನಿಯಲ್ ಲೈಬ್ರರಿ’ ಎಂದಿದೆ. ಆರ್.ಕೆ. ನಾರಾಯಣ್ ಅವರ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಕೂಡ ಇದೆ, ಅದು ಮೈಸೂರಿನ ಇಂಡಿಯನ್ ಥಾಟ್ ಪಬ್ಲಿಕೇಷನ್ಸ್‌ನದು. ಇವು ಮೊದಲ ಆವೃತ್ತಿಗಳಾ? ಇವಕ್ಕೆ ಬೆಲೆ ಇದೆಯಾ? ಇವನ್ನು ನೋಡಿದ ಮೇಲೆ ನನಗೂ ಇಂಥ ಪುಸ್ತಕ ಸಂಗ್ರಹಿಸುವ ಆಸೆ ಹುಟ್ಟಿದೆ. ನಾನು ತಿಂಗಳ ಸಂಬಳದವನು. ಎಲ್ಲಿಂದ ಶುರು ಮಾಡಲಿ? ಪಿಕ್‌ವಿಕ್‌ನ ಬೈಂಡು ಸಡಿಲವಾಗಿದೆ, ಹೊಸದಾಗಿ ಬೈಂಡ್ ಮಾಡಿಸಲಾ?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರ ಹೇಳಿಬಿಡುತ್ತೇನೆ, ಯಾಕೆಂದರೆ ಅದು ಅವಸರದ್ದು. ಬೈಂಡ್ ಮಾಡಿಸಬೇಡಿ. ದಯವಿಟ್ಟು ಬೇಡ. ನಮ್ಮ ಊರುಗಳಲ್ಲಿ ಬೈಂಡಿಂಗ್ ಮಾಡುವವರು ಹಳೆಯ ರಟ್ಟು ಕಿತ್ತು ಬಿಸಾಡುತ್ತಾರೆ. ಮೂರೂ ಕಡೆ ಅಂಚನ್ನು ಕಟಿಂಗ್ ಮಷೀನಿಗೆ ಕೊಡುತ್ತಾರೆ. ಮುಂದಿನ ಖಾಲಿ ಹಾಳೆಗಳು ಬೇಡವೆಂದು ತೆಗೆದುಬಿಡುತ್ತಾರೆ. ಅವರ ತಪ್ಪಲ್ಲ, ಶಾಲೆಯ ಪುಸ್ತಕಕ್ಕೆ, ಲೆಡ್ಜರ್‌ಗೆ ಅದೇ ಸರಿಯಾದ ಕೆಲಸ. ಆದರೆ ಹಳೆಯ ಪುಸ್ತಕ ಏನು, ಯಾವಾಗಿನದು ಎಂದು ಹೇಳುವ ಗುರುತುಗಳೆಲ್ಲ ಇರುವುದು ಆ ಬಿಸಾಡುವ ಭಾಗದಲ್ಲೇ. ಸದ್ಯಕ್ಕೆ ಅಗಲವಾದ ಹತ್ತಿಯ ಲಾಡಿಯಿಂದ ಮೆತ್ತಗೆ ಕಟ್ಟಿಡಿ, ಸಾಕು. ರಬ್ಬರ್ ಬ್ಯಾಂಡ್ ಬೇಡ. ಸೆಲ್ಲೋ ಟೇಪ್ ಅಂತೂ ಬೇಡವೇ ಬೇಡ.

ಈಗ ಪಿಕ್‌ವಿಕ್ ವಿಷಯ. ನೀವು ಬರೆದಿದ್ದನ್ನು ನೋಡಿದರೆ ಅದು ಮೊದಲ ಆವೃತ್ತಿಯೇ ಆಗಿರುವ ಸಾಧ್ಯತೆ ಚೆನ್ನಾಗಿಯೇ ಇದೆ. ಆದರೆ ಅದರಿಂದ ಮನೆ ಕಟ್ಟಲು ಆಗುವುದಿಲ್ಲ. ಹೀಗೇಕೆ ಎಂದು ತಿಳಿಯುವುದೇ ಈ ಹವ್ಯಾಸದ ಮೊದಲ ಪಾಠ. ಹಾಗಾಗಿ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಪಿಕ್‌ವಿಕ್ ಮೊದಲು ಪುಸ್ತಕವಾಗಿ ಬರಲಿಲ್ಲ. 1836ರ ವಸಂತದಿಂದ 1837ರ ಶರತ್ಕಾಲದವರೆಗೆ ತಿಂಗಳಿಗೊಂದು ಕಂತು, ಹಸಿರು ಕಾಗದದ ಹೊದಿಕೆ, ಬೆಲೆ ಒಂದು ಶಿಲಿಂಗ್. ಒಟ್ಟು 20 ಕಂತು, ಕೊನೆಯ ಎರಡು ಒಟ್ಟಿಗೆ ಬಂದವು. ಮೊದಲ ಕಂತನ್ನು ಅಚ್ಚು ಹಾಕಿಸಿದ್ದು ಬರೀ 1,000 ಪ್ರತಿ. ಎರಡನೆಯ ಕಂತು ಮುಗಿಯುವ ಮೊದಲೇ ಚಿತ್ರಕಾರ ರಾಬರ್ಟ್ ಸೀಮೋರ್ ಆತ್ಮಹತ್ಯೆ ಮಾಡಿಕೊಂಡ. ಆಮೇಲೆ ರಾಬರ್ಟ್ ಬಸ್ ಎಂಬಾತ ಬಂದ, ಅವನ ಕೆಲಸ ಹಿಡಿಸಲಿಲ್ಲ. ಕೊನೆಗೆ ‘ಫಿಜ್’ ಎಂಬ ಹೆಸರಿನಲ್ಲಿ ಚಿತ್ರ ಬರೆದ ಹ್ಯಾಬ್ಲಟ್ ಬ್ರೌನ್ ಸಿಕ್ಕಿದ. ಅಷ್ಟರಲ್ಲಿ ಕಥೆಯೊಳಗೆ ಸ್ಯಾಮ್ ವೆಲ್ಲರ್ ಎಂಬ ಆಳು ಕಾಲಿಟ್ಟ. ಇಂಗ್ಲೆಂಡಿಗೆ ಇಂಗ್ಲೆಂಡೇ ಅವನಿಗೆ ಮನಸೋತಿತು. ಕೊನೆಯ ಕಂತುಗಳ ಹೊತ್ತಿಗೆ ತಿಂಗಳಿಗೆ 40,000 ಪ್ರತಿ ಹೋಗುತ್ತಿದ್ದವು.

ಇಲ್ಲಿ ಒಂದು ಲೆಕ್ಕ ಹಾಕಿ. ಕೊನೆಯ ಕಂತು ಕೊಂಡ 40,000 ಜನಕ್ಕೂ ಮೊದಲ ಕಂತು ಬೇಕಲ್ವಾ? ಆದರೆ ಶುರುವಿನಲ್ಲಿ ಅಚ್ಚಾಗಿದ್ದು 1,000. ಹಾಗಾಗಿ ಮೊದಲ ಕಂತುಗಳನ್ನು ಮತ್ತೆ ಮತ್ತೆ ಅಚ್ಚು ಹಾಕಿದರು. ಚಿತ್ರ ಅಚ್ಚು ಹಾಕುವ ತಗಡುಗಳು ಸವೆದವು, ಹೊಸದಾಗಿ ಕೆತ್ತಿದರು. ಅಕ್ಷರ ಮತ್ತೆ ಜೋಡಿಸುವಾಗ ಕೆಲವು ತಪ್ಪು ತಿದ್ದಿದರು, ಕೆಲವು ಹೊಸ ತಪ್ಪು ಸೇರಿಸಿದರು. ಕಂತುಗಳೆಲ್ಲ ಮುಗಿದ ಮೇಲೆ ಓದುಗರು ಅವನ್ನು ಬೈಂಡರ್ ಹತ್ತಿರ ಒಯ್ದು, ಹಸಿರು ಹೊದಿಕೆ, ಜಾಹೀರಾತು ಎಲ್ಲ ತೆಗೆಸಿ, ಚರ್ಮದ ಬೆನ್ನು ಹಾಕಿಸಿಕೊಂಡರು. ನಿಮ್ಮ ತಾತನ ಪ್ರತಿಯೂ ಹೀಗೇ ಆದದ್ದು ಎಂದು ನನ್ನ ಊಹೆ. ಅದರಲ್ಲಿ ಶುರುವಿನ ಭಾಗ ಮರುಮುದ್ರಣ, ಕೊನೆಯ ಭಾಗ ಮೊದಲ ಮುದ್ರಣ, ಹೀಗೆ ಬೆರಕೆ ಇರಬಹುದು. ಶೀರ್ಷಿಕೆ ಪುಟದ 1837 ಎಂಬ ಇಸವಿ ಇದ್ಯಾವುದನ್ನೂ ಹೇಳುವುದಿಲ್ಲ.

ಹಾಗಾದರೆ ಯಾವುದು ಹೇಳುತ್ತದೆ? ಪುಸ್ತಕದ ಮೈ ಹೇಳುತ್ತದೆ. ಹಗಲು ಬೆಳಕಿನಲ್ಲಿ, ಕೈ ತೊಳೆದು ಒರೆಸಿಕೊಂಡು ಕೂತು ನೋಡಿ. ಒಳ ಅಂಚಿನಲ್ಲಿ, ಹೊಲಿಗೆಗೆ ಹತ್ತಿರ, ಮೇಲಿಂದ ಕೆಳಗೆ ಸಣ್ಣ ಸಣ್ಣ ತೂತುಗಳು ಇವೆಯಾ? ಕಂತುಗಳನ್ನು ದಬ್ಬಣದಿಂದ ಚುಚ್ಚಿ ದಾರ ಹಾಕಿ ಹೊಲಿಯುತ್ತಿದ್ದರು. ಆ ತೂತು ಕಂಡರೆ ನಿಮ್ಮ ಪ್ರತಿ ಕಂತುಗಳಿಂದಲೇ ಬೈಂಡ್ ಆದದ್ದು. ಆಮೇಲೆ ಚಿತ್ರವಿರುವ ಶೀರ್ಷಿಕೆ ಪುಟ ನೋಡಿ. ಅಲ್ಲಿ ಒಂದು ಹೋಟೆಲಿನ ಬೋರ್ಡಿನ ಮೇಲೆ ಸ್ಯಾಮ್‌ನ ಅಪ್ಪ ಟೋನಿ ವೆಲ್ಲರ್‌ನ ಹೆಸರಿದೆ. ಆ ಹೆಸರು ‘ವಿ’ ಅಕ್ಷರದಿಂದ ಶುರುವಾದರೆ ಮೊದಲಿನ ತಗಡು, ‘ಡಬ್ಲ್ಯೂ’ದಿಂದ ಶುರುವಾದರೆ ಆಮೇಲಿನದು. ಅಪ್ಪ ಮಗ ಇಬ್ಬರೂ ‘ಡಬ್ಲ್ಯೂ’ ಬದಲು ‘ವಿ’ ಉಚ್ಚರಿಸುವ ಲಂಡನ್ ಬೀದಿಯವರು, ಅದರ ನೆನಪಿಗೆ ಬಿದ್ದ ಅಕ್ಷರ ಅದು. ಇನ್ನು ಕ್ರಿಕೆಟ್ ಆಟದ ಒಂದು ಚಿತ್ರ, ತೋಟದ ಬಳ್ಳಿಮಂಟಪದ ಒಂದು ಚಿತ್ರ, ಈ ಎರಡು ಬಸ್ ಮಾಡಿದ್ದು. ಬೇಗನೆ ಅವನ್ನು ತೆಗೆದು ಫಿಜ್ ಚಿತ್ರ ಹಾಕಿದರು. ಬಸ್‌ನ ಎರಡೂ ಚಿತ್ರ ಇದ್ದರೆ ಆ ಭಾಗ ನಿಜಕ್ಕೂ ಮೊದಲಿನದು. ಚಿತ್ರಗಳ ಕೆಳಗೆ ಅಚ್ಚಿನಲ್ಲಿ ಅಡಿಬರಹ ಇದ್ದರೆ ಆ ಚಿತ್ರಗಳು ತಡವಾಗಿ ಅಚ್ಚಾದವು. ಕೊನೆಗೆ ಚಿತ್ರಗಳನ್ನು ಎಣಿಸಿ. ಶೀರ್ಷಿಕೆ ಪುಟವೇ 43 ಚಿತ್ರ ಎಂದು ಹೇಳುತ್ತದೆ. ಅಷ್ಟೂ ಇವೆಯಾ?

ಎಲ್ಲ ಇದ್ದರೂ, ಕಂತಿನಿಂದ ಬೈಂಡ್ ಆದ ಸಾಮಾನ್ಯ ಪಿಕ್‌ವಿಕ್ ಲಂಡನ್ನಿನಲ್ಲಿ ಕೆಲವು ನೂರು ಪೌಂಡ್‌ಗೆ ಸಿಗುತ್ತದೆ. ಅದೇ ಹಸಿರು ಹೊದಿಕೆಯ ಕಂತುಗಳು, ಪ್ರತಿಯೊಂದೂ ಮೊದಲ ಮುದ್ರಣದ್ದೇ ಆಗಿ, ಜಾಹೀರಾತು ಸಮೇತ ಇದ್ದರೆ ಬೆಲೆ ಬೇರೆಯೇ ಲೋಕದ್ದು.

ಡಿಕನ್ಸ್‌ನದೇ ಇನ್ನೊಂದು ಕಾದಂಬರಿ ಪಕ್ಕದಲ್ಲಿಟ್ಟು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಅವನ ವಾರಪತ್ರಿಕೆಯಲ್ಲಿ ಬಂತು. 1861ರಲ್ಲಿ ಮೂರು ಸಂಪುಟದ ಪುಸ್ತಕವಾಯಿತು. ಪ್ರಕಾಶಕರು ಅದೇ ಚಾಪ್‌ಮನ್ ಅಂಡ್ ಹಾಲ್. ಬೆಲೆ 31 ಶಿಲಿಂಗ್ 6 ಪೆನ್ಸ್. ಕೂಲಿಯವನಿಗೆ ಅದು ವಾರಗಟ್ಟಲೆ ದುಡಿಮೆ. ಅಷ್ಟು ಕೊಟ್ಟು ಯಾರು ಕೊಳ್ಳುತ್ತಾರೆ? ಮನೆಯವರು ಕೊಳ್ಳಲಿಲ್ಲ, ಬಾಡಿಗೆ ಲೈಬ್ರರಿಗಳು ಕೊಂಡವು. ಅವುಗಳಲ್ಲಿ ದೊಡ್ಡದು ಮ್ಯೂಡಿಯ ಲೈಬ್ರರಿ, ವರ್ಷಕ್ಕೆ ಒಂದು ಗಿನಿ, ಅಂದರೆ 21 ಶಿಲಿಂಗ್, ಚಂದಾ. ಈ ಕಾದಂಬರಿಯ ಸುಮಾರು 1,400 ಪ್ರತಿಗಳನ್ನು ಮ್ಯೂಡಿಯೇ ಕೊಂಡಿತು ಎಂದು ದಾಖಲೆ. ಮೊದಲ ಮುದ್ರಣ 1,000 ಪ್ರತಿ ಮಾತ್ರ. ಆಮೇಲಿನ ನಾಲ್ಕು ಮುದ್ರಣಕ್ಕೆ ಅದೇ ವರ್ಷ ಶೀರ್ಷಿಕೆ ಪುಟದಲ್ಲಿ ಎರಡನೇ, ಮೂರನೇ, ನಾಲ್ಕನೇ, ಐದನೇ ಆವೃತ್ತಿ ಎಂದು ಹಾಕಿದರು. ಲೈಬ್ರರಿಯ ಪುಸ್ತಕದ ಗತಿ ನಿಮಗೆ ಗೊತ್ತೇ ಇದೆ. ನೂರು ಕೈ ದಾಟಿ, ಹಾಳೆ ಹರಿದು, ಕಾಫಿ ಚೆಲ್ಲಿ, ಕೊನೆಗೆ ರದ್ದಿಗೆ. ಹಾಗಾಗಿ 40,000 ಮನೆ ಸೇರಿದ ಪಿಕ್‌ವಿಕ್ ಇಂದಿಗೂ ಸಿಗುತ್ತದೆ. 24 ವರ್ಷ ಚಿಕ್ಕದಾದ, ಲೈಬ್ರರಿ ಸೇರಿದ ‘ಗ್ರೇಟ್ ಎಕ್ಸ್‌ಪೆಕ್ಟೇಷನ್ಸ್’ ಹುಡುಕಿದರೂ ಸಿಗುವುದಿಲ್ಲ. ಸಿಕ್ಕಿದರೆ ಅದರ ಬೆಲೆಗೆ ಮನೆಯೇ ಬಂದೀತು. ಪುಸ್ತಕ ಎಷ್ಟು ಹಳೆಯದು ಅನ್ನುವುದಕ್ಕಿಂತ, ಎಷ್ಟು ಅಚ್ಚಾಯಿತು, ಯಾರ ಕೈಗೆ ಹೋಯಿತು, ಅವರು ಹೇಗೆ ಇಟ್ಟುಕೊಂಡರು, ಇವೇ ಮುಖ್ಯ. ನಾನು ಯಾವ ಪುಸ್ತಕ ಕೈಗೆತ್ತಿಕೊಂಡರೂ ಈ ಮೂರು ಪ್ರಶ್ನೆ ಕೇಳಿಕೊಳ್ಳುತ್ತೇನೆ.

ಈ ಪ್ರಶ್ನೆ ಹಿಡಿದು ಹೋದರೆ ಬೇರೆ ಹೆಸರುಗಳೂ ಅರ್ಥವಾಗುತ್ತವೆ. 1818ರಲ್ಲಿ ಮೇರಿ ಶೆಲ್ಲಿಯ ‘ಫ್ರ್ಯಾಂಕನ್‌ಸ್ಟೈನ್’ ಹೆಸರಿಲ್ಲದೆ ಬಂತು, ಬರೀ 500 ಪ್ರತಿ. 1847ರಲ್ಲಿ ಎಮಿಲಿ ಬ್ರಾಂಟೆಯ ‘ವದರಿಂಗ್ ಹೈಟ್ಸ್’ ಎರಡು ಸಂಪುಟ, ಅದಕ್ಕೆ ತಂಗಿ ಆನ್ ಬರೆದ ‘ಆಗ್ನೆಸ್ ಗ್ರೇ’ ಮೂರನೆಯ ಸಂಪುಟವಾಗಿ ಜೋಡಿ. ಇಬ್ಬರದೂ ಗಂಡು ಹೆಸರು: ಎಲಿಸ್ ಬೆಲ್, ಆಕ್ಟನ್ ಬೆಲ್. ಜೇನ್ ಆಸ್ಟೆನ್ 1811ರಲ್ಲಿ ‘ಸೆನ್ಸ್ ಅಂಡ್ ಸೆನ್ಸಿಬಿಲಿಟಿ’ ತಂದಾಗ ಶೀರ್ಷಿಕೆ ಪುಟದಲ್ಲಿ ಲೇಖಕಿಯ ಹೆಸರಿನ ಜಾಗದಲ್ಲಿ ‘ಒಬ್ಬ ಮಹಿಳೆ’ ಎಂದಷ್ಟೇ ಇತ್ತು. 1813ರ ‘ಪ್ರೈಡ್ ಅಂಡ್ ಪ್ರೆಜುಡಿಸ್’ನ ಹಕ್ಕನ್ನು ಆಕೆ 110 ಪೌಂಡ್‌ಗೆ ಮಾರಿಬಿಟ್ಟಳು. ಇಂದು ಅದರ ಮೂರು ಸಂಪುಟದ ಒಳ್ಳೆಯ ಪ್ರತಿ ಒಂದು ಲಕ್ಷ ಪೌಂಡ್ ದಾಟುತ್ತದೆ, ನಮ್ಮ ದುಡ್ಡಿನಲ್ಲಿ ಕೋಟಿಯ ಮೇಲೆ. ಇದನ್ನು ಹೇಳುವಾಗ ನನಗೆ ಪ್ರತಿ ಸಲ ಹೊಟ್ಟೆ ಚುರ್ ಅನ್ನುತ್ತದೆ.

ಬೈಂಡಿಂಗ್ ವಿಷಯಕ್ಕೆ ಮತ್ತೆ ಬರುತ್ತೇನೆ. ಆಸ್ಟೆನ್, ಶೆಲ್ಲಿ ಕಾಲದಲ್ಲಿ ಕಾದಂಬರಿಗಳು ತೆಳು ರಟ್ಟಿನಲ್ಲಿ, ಮೇಲೆ ಸಾದಾ ಕಾಗದ ಅಂಟಿಸಿ ಬರುತ್ತಿದ್ದವು. ದುಡ್ಡಿದ್ದವರು ತಮಗೆ ಬೇಕಾದ ಚರ್ಮದ ಬೈಂಡು ಹಾಕಿಸಿಕೊಳ್ಳುತ್ತಿದ್ದರು. ಹಾಗಾಗಿ ಚಿನ್ನದ ಅಕ್ಷರದ ಚರ್ಮದ ಬೈಂಡು ಕಂಡರೆ ನಾವು ಹಿಗ್ಗುತ್ತೇವೆ, ಸಂಗ್ರಾಹಕರು ಹುಡುಕುವುದು ಆ ಸಾದಾ ರಟ್ಟನ್ನು. 2021ರಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಫ್ರ್ಯಾಂಕನ್‌ಸ್ಟೈನ್’ ಮೊದಲ ಆವೃತ್ತಿ 11.7 ಲಕ್ಷ ಡಾಲರ್‌ಗೆ ಹೋಯಿತು. ಅಷ್ಟು ಬೆಲೆಗೆ ದೊಡ್ಡ ಕಾರಣ, ಮೂರೂ ಸಂಪುಟ ಮೊದಲಿನ ರಟ್ಟಿನಲ್ಲೇ ಉಳಿದಿದ್ದವು. ಇನ್ನೊಂದು ಹಾಳೆಯ ಬಗ್ಗೆಯೂ ಹೇಳಬೇಕು. ಶೀರ್ಷಿಕೆ ಪುಟಕ್ಕೂ ಮುಂಚೆ ಪುಸ್ತಕದ ಹೆಸರು ಮಾತ್ರ ಇರುವ ಒಂದು ಹಾಳೆ ಇರುತ್ತಿತ್ತು, ಅದನ್ನು ಹಾಫ್ ಟೈಟಲ್ ಅನ್ನುತ್ತಾರೆ. ಹಳೆಯ ಬೈಂಡರ್‌ಗಳು ಅದನ್ನು ಕಿತ್ತು ಎಸೆಯುತ್ತಿದ್ದರು. ಆಸ್ಟೆನ್ ಪುಸ್ತಕಗಳಲ್ಲಿ ಆ ಒಂದು ಹಾಳೆ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಸಾವಿರಾರು ಪೌಂಡ್ ಹೆಚ್ಚು ಕಡಿಮೆ ಆಗುತ್ತದೆ.

ಇಪ್ಪತ್ತನೆಯ ಶತಮಾನಕ್ಕೆ ಬಂದರೆ ಆ ಜಾಗವನ್ನು ಜಾಕೆಟ್ ತೆಗೆದುಕೊಳ್ಳುತ್ತದೆ. ಧೂಳು ತಾಗದಿರಲಿ ಎಂದು ಹಾಕುತ್ತಿದ್ದ ಕಾಗದದ ಹೊದಿಕೆ ಅದು. ಜನ ಮನೆಗೆ ತಂದ ಕೂಡಲೇ ತೆಗೆದು ಒಲೆಗೆ ಹಾಕುತ್ತಿದ್ದರು. ಈಗ ಮೂಗಿಗಿಂತ ಮೂಗುತಿ ಭಾರ ಎಂಬಂತಾಗಿದೆ, ಪುಸ್ತಕಕ್ಕಿಂತ ಜಾಕೆಟ್‌ಗೇ ಬೆಲೆ ಜಾಸ್ತಿ. ಟೋಲ್ಕಿನ್‌ನ ‘ದ ಹಾಬಿಟ್’ 1937ರ ಸೆಪ್ಟೆಂಬರ್ 21ರಂದು 1,500 ಪ್ರತಿ ಬಂತು, ಪ್ರಕಾಶಕರು ಜಾರ್ಜ್ ಅಲೆನ್ ಅಂಡ್ ಅನ್ವಿನ್. ಜಾಕೆಟ್ ಚಿತ್ರ ಟೋಲ್ಕಿನ್ ಕೈಯದೇ. ಆ ಜಾಕೆಟ್‌ನ ಹಿಂದಿನ ಒಳಮಡಿಕೆಯಲ್ಲಿ ಡಾಜ್‌ಸನ್ ಎಂಬ ಹೆಸರಿನ ಮಧ್ಯೆ ಒಂದು ‘ಇ’ ಅಕ್ಷರ ಹೆಚ್ಚಾಗಿ ಬಿದ್ದಿತ್ತು. ಪ್ರಕಾಶಕರ ಕಡೆಯವರು ಕೂತು ಮಸಿಯಲ್ಲಿ ಆ ಅಕ್ಷರ ಹೊಡೆದುಹಾಕಿದರು. ಮಸಿಯ ಆ ಸಣ್ಣ ಗೀಟನ್ನು ನಾನು ಮೊದಲ ಸಲ ಕಣ್ಣಾರೆ ನೋಡಿದಾಗ ಬಹಳ ಹೊತ್ತು ಪುಸ್ತಕ ಮುಚ್ಚಲಾಗಲಿಲ್ಲ. 1937ರಲ್ಲಿ ಯಾರೋ ಒಬ್ಬರು ಮೇಜಿನ ಮುಂದೆ ಕೂತು ಎಳೆದ ಗೀಟು ಅದು. ನನಗೆ ಈ ಹವ್ಯಾಸದ ಸುಖ ಇರುವುದೇ ಇಂಥ ಕಡೆ.

ಅಂದ ಹಾಗೆ, ಅದೇ ಅಲೆನ್ ಅಂಡ್ ಅನ್ವಿನ್ ಮರುವರ್ಷ, 1938ರಲ್ಲಿ, ನಮ್ಮ ಹಾಸನದಲ್ಲಿ ಹುಟ್ಟಿದ ರಾಜಾ ರಾವ್ ಅವರ ‘ಕಾಂತಾಪುರ’ ಪ್ರಕಟಿಸಿದರು. ನಿಮ್ಮ ‘ಸ್ವಾಮಿ ಅಂಡ್ ಫ್ರೆಂಡ್ಸ್’ ಬಗ್ಗೆಯೂ ಇಲ್ಲೇ ಹೇಳಿಬಿಡುತ್ತೇನೆ. ನಿಮ್ಮದು ಮೊದಲ ಆವೃತ್ತಿ ಅಲ್ಲ. ಮೊದಲ ಆವೃತ್ತಿ 1935ರಲ್ಲಿ ಲಂಡನ್ನಿನ ಹ್ಯಾಮಿಶ್ ಹ್ಯಾಮಿಲ್ಟನ್‌ನಿಂದ ಬಂತು. ಹಸ್ತಪ್ರತಿ ಪ್ರಕಾಶಕರಿಂದ ವಾಪಸ್ಸು ಬರುತ್ತಲೇ ಇತ್ತು. ಬೇಸತ್ತ ನಾರಾಯಣ್, ಆಕ್ಸ್‌ಫರ್ಡ್‌ನಲ್ಲಿದ್ದ ಗೆಳೆಯನಿಗೆ ಅದಕ್ಕೆ ಕಲ್ಲು ಕಟ್ಟಿ ಥೇಮ್ಸ್ ನದಿಗೆ ಹಾಕಿಬಿಡು ಎಂದು ಬರೆದಿದ್ದರು. ಗೆಳೆಯ ಹಾಕಲಿಲ್ಲ, ಇಂಗ್ಲಿಷ್ ಕಾದಂಬರಿಕಾರ ಗ್ರಹಾಂ ಗ್ರೀನ್‌ಗೆ ತೋರಿಸಿದ. ಗ್ರೀನ್ ಪ್ರಕಾಶಕರನ್ನು ಹುಡುಕಿಕೊಟ್ಟ. ಪುಸ್ತಕ ಹೆಚ್ಚು ಮಾರಾಟವಾಗಲಿಲ್ಲ. ಮುಂದಿನ ಮೂರು ಕಾದಂಬರಿಗೆ ಮೂರು ಬೇರೆ ಪ್ರಕಾಶಕರು: 1937ರಲ್ಲಿ ನೆಲ್ಸನ್, 1938ರಲ್ಲಿ ಮ್ಯಾಕ್‌ಮಿಲನ್, 1945ರಲ್ಲಿ ಐರ್ ಅಂಡ್ ಸ್ಪಾಟಿಸ್‌ವುಡ್. ಹೆಚ್ಚು ಹೋಗದ ಪುಸ್ತಕದ ಮೊದಲ ಆವೃತ್ತಿಯೇ ಮುಂದೆ ಅಪರೂಪವಾಗುವುದು. ನಿಮ್ಮ ಇಂಡಿಯನ್ ಥಾಟ್ ಪ್ರತಿ ನಾರಾಯಣ್ ಅವರೇ ಮೈಸೂರಿನಲ್ಲಿ ಶುರು ಮಾಡಿದ ಸಂಸ್ಥೆಯದು. ಬೆಲೆ ದೊಡ್ಡದಲ್ಲ, ಆದರೆ ಕೊಡಬೇಡಿ. ಮುಂದಿನ ಹಾಳೆಯಲ್ಲಿ ರುಜು ಇದೆಯಾ ಒಂದು ಸಲ ನೋಡಿ. ಮೈಸೂರಿನ ಮೇಷ್ಟ್ರ ಪುಸ್ತಕ ತಾನೇ, ಇದ್ದರೂ ಇರಬಹುದು.

ಹಾರ್ಡಿಯ ಪುಸ್ತಕಕ್ಕೆ ಒಂದೇ ಮಾತು ಸಾಕು. ಕಲೋನಿಯಲ್ ಲೈಬ್ರರಿ ಎಂದರೆ ಇಂಡಿಯಾ ಮತ್ತು ಇತರ ವಸಾಹತುಗಳಲ್ಲಿ ಮಾತ್ರ ಮಾರಲು ಮಾಡಿದ ಅಗ್ಗದ ಆವೃತ್ತಿ. ಮ್ಯಾಕ್‌ಮಿಲನ್ ಇದನ್ನು 1886ರಲ್ಲಿ ಶುರು ಮಾಡಿತು. ಬೆಂಗಳೂರಿನ ಅವೆನ್ಯೂ ರಸ್ತೆಯಲ್ಲಿ, ಬ್ರಿಗೇಡ್ ರಸ್ತೆ ಪಕ್ಕದ ಸೆಲೆಕ್ಟ್ ಬುಕ್ ಶಾಪಿನಂಥ ಹಳೆಯ ಅಂಗಡಿಗಳಲ್ಲಿ ಸಿಗುವ ಆ ಕಾಲದ ಇಂಗ್ಲಿಷ್ ಕಾದಂಬರಿಗಳಲ್ಲಿ ಬಹಳಷ್ಟು ಇಂಥವೇ. ಮೊದಲ ಆವೃತ್ತಿ ಅಲ್ಲ. ಆದರೆ ನಮ್ಮ ಅಜ್ಜಂದಿರು ಹಾರ್ಡಿಯನ್ನು ಓದಿದ್ದು ಈ ರೂಪದಲ್ಲಿ. ಇವನ್ನೇ ಸಂಗ್ರಹಿಸುವವರು ಕಡಿಮೆ, ಬೆಲೆಯೂ ಕಡಿಮೆ. ಒಬ್ಬ ಕನ್ನಡಿಗ ಇದನ್ನೇ ಮನಸ್ಸಿಟ್ಟು ಸಂಗ್ರಹಿಸಿದರೆ ಅದು ನಿಜವಾದ ಕೆಲಸ ಎಂದು ನಾನು ನಂಬಿದ್ದೇನೆ.

ಈಗ ಎಲ್ಲಿಂದ ಶುರು ಮಾಡುವುದು. ಆಸ್ಟೆನ್, ಬ್ರಾಂಟೆ, ‘ಹಾಬಿಟ್’ ಇವನ್ನು ಮನಸ್ಸಿನಿಂದ ತೆಗೆದುಬಿಡಿ. ಸಂಬಳದವರಿಗೆ ಬಾಗಿಲು ತೆರೆದಿರುವುದು ಜಾಸ್ತಿ ಅಚ್ಚಾದ ದೊಡ್ಡ ಲೇಖಕರಲ್ಲಿ. ಡಿಕನ್ಸ್‌ನ ತಿಂಗಳ ಕಂತಿನ ಕಾದಂಬರಿಗಳು, ಅಂದರೆ ‘ನಿಕೊಲಸ್ ನಿಕಲ್ಬಿ’, ‘ಡಾಂಬಿ ಅಂಡ್ ಸನ್’, ‘ಬ್ಲೀಕ್ ಹೌಸ್’, ‘ಲಿಟ್ಲ್ ಡಾರಿಟ್’, ಕಂತಿನಿಂದ ಬೈಂಡ್ ಆದ ಪ್ರತಿಗಳು ಇಂದಿಗೂ ಕೈಗೆಟಕುತ್ತವೆ. ವಾಲ್ಟರ್ ಸ್ಕಾಟ್ ಇನ್ನೂ ಅಗ್ಗ. ಅವನ ‘ರಾಬ್ ರಾಯ್’ ಮೊದಲ ಮುದ್ರಣವೇ 10,000 ಪ್ರತಿ. ಇನ್ನೂರು ವರ್ಷದ ಹಿಂದಿನ ಮೊದಲ ಆವೃತ್ತಿ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಸಿಗುತ್ತದೆ ಎಂದರೆ ಜನ ನಂಬುವುದಿಲ್ಲ. ಆಸ್ಟೆನ್ ಬೇಕೇ ಬೇಕು ಅಂದರೆ 1894ರಲ್ಲಿ ಜಾರ್ಜ್ ಅಲೆನ್ ತಂದ ‘ಪ್ರೈಡ್ ಅಂಡ್ ಪ್ರೆಜುಡಿಸ್’ ನೋಡಿ. ಹ್ಯೂ ಥಾಮ್ಸನ್ ಚಿತ್ರಗಳು, ರಟ್ಟಿನ ಮೇಲೆ ಚಿನ್ನದ ನವಿಲು. ಅಗ್ಗವಲ್ಲ, ಆದರೆ ಕೋಟಿಯೂ ಅಲ್ಲ. ಮೊದಲ ಆವೃತ್ತಿ ಅಲ್ಲದ ಪುಸ್ತಕ ಸಂಗ್ರಹಕ್ಕೆ ಯೋಗ್ಯವಲ್ಲ ಎಂಬುದು ತಪ್ಪು ಕಲ್ಪನೆ.

ಒಬ್ಬನೇ ಲೇಖಕನನ್ನು ಹಿಡಿಯಿರಿ. ಹತ್ತು ಲೇಖಕರ ಒಂದೊಂದು ಪುಸ್ತಕಕ್ಕಿಂತ ಒಬ್ಬನ ಹತ್ತು ಪುಸ್ತಕ ನಿಮಗೆ ಜಾಸ್ತಿ ಕಲಿಸುತ್ತವೆ. ನಿಮ್ಮ ಮನೆಯಲ್ಲಿ ಆಗಲೇ ಡಿಕನ್ಸ್ ಇದ್ದಾನಲ್ಲ. ಮೊದಲ ಆರು ತಿಂಗಳು ಏನೂ ಕೊಳ್ಳಬೇಡಿ. ಜಾನ್ ಕಾರ್ಟರ್ ಬರೆದ ‘ಎಬಿಸಿ ಫಾರ್ ಬುಕ್ ಕಲೆಕ್ಟರ್ಸ್’ ಓದಿ. 1952ರ ಪುಸ್ತಕ, ಇಂದಿಗೂ ಅದಕ್ಕೆ ಸಮ ಇಲ್ಲ. ಮಾರಾಟಗಾರರ ಕ್ಯಾಟಲಾಗ್‌ಗಳನ್ನು ದಿನಾ ಓದಿ. ಅವರ ಭಾಷೆಗೆ ಕಿವಿ ಒಗ್ಗಬೇಕು. ಅವರು ‘ಫೈನ್’ ಅಂದರೆ ಬಹಳ ಚೆನ್ನಾಗಿದೆ. ‘ವೆರಿ ಗುಡ್’ ಅಂದರೆ ಸುಮಾರು. ‘ಗುಡ್’ ಅಂದರೆ ಚೆನ್ನಾಗಿಲ್ಲ ಎಂದೇ ತಿಳಿಯಿರಿ. ‘ಫಾಕ್ಸ್‌ಡ್’ ಅಂದರೆ ಹಾಳೆಗಳ ಮೇಲೆ ಕಂದು ಚುಕ್ಕೆ. ‘ಎಕ್ಸ್ ಲೈಬ್ರರಿ’ ಅಂದರೆ ಲೈಬ್ರರಿಯ ಮುದ್ರೆ ಬಿದ್ದ ಪ್ರತಿ.

ಕೊಳ್ಳುವ ಮೊದಲು ಎಲ್ಲ ಹಾಳೆ, ಎಲ್ಲ ಚಿತ್ರ ಇವೆಯಾ ಎಂದು ಕೇಳಿ, ಬರಹದಲ್ಲಿ ಉತ್ತರ ತೆಗೆದುಕೊಳ್ಳಿ. ಇದು ನಾನು ಪೆಟ್ಟು ತಿಂದು ಕಲಿತದ್ದು. ಬಹಳ ವರ್ಷದ ಹಿಂದೆ ಹೊರದೇಶದ ಒಬ್ಬ ಮಾರಾಟಗಾರನಿಂದ ಥ್ಯಾಕರೆಯ ‘ವ್ಯಾನಿಟಿ ಫೇರ್’ 1848ರ ಮೊದಲ ಆವೃತ್ತಿ ತರಿಸಿದೆ. ಕಲ್ಕತ್ತೆಯಲ್ಲಿ ಹುಟ್ಟಿದ ಲೇಖಕ ಎಂಬ ಪ್ರೀತಿ ಬೇರೆ. ಮೊದಲಿನ ಪ್ರತಿಗಳಲ್ಲಿ 336ನೇ ಪುಟದಲ್ಲಿ ಲಾರ್ಡ್ ಸ್ಟೈನ್‌ನ ಒಂದು ಮರದಚ್ಚಿನ ಚಿತ್ರ ಇರುತ್ತದೆ, ಆಮೇಲೆ ಅದನ್ನು ತೆಗೆದರು. ನನ್ನ ಪ್ರತಿಯಲ್ಲಿ ಆ ಚಿತ್ರ ಇತ್ತು. ನಾನು ಖುಷಿಯಲ್ಲಿ ಬೇರೇನೂ ನೋಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಸಾವಕಾಶವಾಗಿ ಎಣಿಸಿದರೆ ಎರಡು ದೊಡ್ಡ ಚಿತ್ರ ಇಲ್ಲ. ಯಾರೋ ಫ್ರೇಮ್ ಹಾಕಿಸಲು ಕತ್ತರಿಸಿಕೊಂಡಿದ್ದರು. ವಾಪಸ್ಸು ಕೊಡುವ ಗಡುವು ದಾಟಿತ್ತು. ಈಗ ನಾನು ಪಾರ್ಸೆಲ್ ಬಿಚ್ಚಿದ ದಿನವೇ ಮೊದಲ ಹಾಳೆಯಿಂದ ಕೊನೆಯ ಹಾಳೆವರೆಗೆ ಎಣಿಸುತ್ತೇನೆ. ಅಂತರರಾಷ್ಟ್ರೀಯ ಹಳೆ ಪುಸ್ತಕ ಮಾರಾಟಗಾರರ ಒಕ್ಕೂಟದ, ಐಲ್ಯಾಬ್ ಅನ್ನುತ್ತಾರಲ್ಲ, ಸದಸ್ಯರಿಂದ ಕೊಂಡರೆ ವಿವರ ತಪ್ಪಿದ್ದಾಗ ವಾಪಸ್ಸು ಕೊಡುವುದು ಸುಲಭ. ಹರಾಜಿನಲ್ಲಿ ಕೊಳ್ಳುವುದಾದರೆ ಕೂಗಿದ ಬೆಲೆಯ ಮೇಲೆ ಸುಮಾರು ಕಾಲು ಭಾಗ ಕಮಿಷನ್ ಬೀಳುತ್ತದೆ. ಆಮೇಲೆ ಸಾಗಣೆ, ಸುಂಕ. ಇವನ್ನು ಮೊದಲೇ ಲೆಕ್ಕ ಹಾಕಿ.

ಮೋಸದ ಬಗ್ಗೆ ಕೇಳಿಲ್ಲ ನೀವು, ಆದರೂ ಹೇಳಲೇಬೇಕು. ಥಾಮಸ್ ವೈಸ್ ಎಂಬಾತ ಒಂದು ಕಾಲಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಆವೃತ್ತಿಗಳ ಬಗ್ಗೆ ಕೊನೆಯ ಮಾತು ಎನಿಸಿಕೊಂಡಿದ್ದ. ಗ್ರಂಥಸೂಚಿಗಳನ್ನು ಬರೆದ. ಅವನು ಹೌದೆಂದರೆ ಹೌದು. 1934ರಲ್ಲಿ ಇಬ್ಬರು ಯುವಕರು, ಪುಸ್ತಕ ವ್ಯಾಪಾರದವರೇ, ಅದೇ ಜಾನ್ ಕಾರ್ಟರ್ ಮತ್ತು ಗ್ರಹಾಂ ಪೊಲಾರ್ಡ್, ಒಂದು ಶೋಧನೆ ಪ್ರಕಟಿಸಿದರು. ಕವಯಿತ್ರಿ ಎಲಿಜಬೆತ್ ಬ್ಯಾರೆಟ್ ಬ್ರೌನಿಂಗ್‌ಳ ಸಾನೆಟ್‌ಗಳ ಒಂದು ಕಿರುಪುಸ್ತಕ, ಮೇಲೆ ‘ರೆಡಿಂಗ್, 1847’ ಎಂದು ಅಚ್ಚಾಗಿದೆ, ಸಂಗ್ರಾಹಕರು ಅದನ್ನು ಕಣ್ಣಿಗೊತ್ತಿಕೊಳ್ಳುತ್ತಿದ್ದರು. ಇವರು ಅದರ ಕಾಗದವನ್ನು ಸೂಕ್ಷ್ಮದರ್ಶಕದಲ್ಲಿ ಪರೀಕ್ಷೆ ಮಾಡಿಸಿದರು. ಅದರಲ್ಲಿ ರಾಸಾಯನಿಕದಿಂದ ಹದಮಾಡಿದ ಮರದ ನಾರು ಸಿಕ್ಕಿತು. ಇಂಗ್ಲೆಂಡಿನ ಕಾಗದಕ್ಕೆ ಅಂಥ ನಾರು ಬಂದದ್ದೇ 1874ರ ಹೊತ್ತಿಗೆ. ಅಚ್ಚಿನ ಮೊಳೆಗಳನ್ನೂ ನೋಡಿದರು. ‘ಎಫ್’ ಮತ್ತು ‘ಜೆ’ ಅಕ್ಷರದ ಆಕಾರ 1880ರ ನಂತರದ್ದು. ಅಂದರೆ 1847ರ ಪುಸ್ತಕ ಅಚ್ಚಾಗಿದ್ದು ನಾಲ್ಕು ದಶಕ ಆದಮೇಲೆ. ಟೆನಿಸನ್, ಜಾರ್ಜ್ ಎಲಿಯಟ್ ಹೆಸರಿನಲ್ಲೂ ಇಂಥವು ಸಿಕ್ಕವು. ಬೆರಳು ತೋರಿದ್ದು ವೈಸ್ ಕಡೆಗೆ. 1937ರಲ್ಲಿ ಸಾಯುವವರೆಗೂ ಅವನು ಒಪ್ಪಲಿಲ್ಲ. ಆಮೇಲೆ 1950ರ ದಶಕದಲ್ಲಿ ಡೇವಿಡ್ ಫಾಕ್ಸನ್ ಇನ್ನೊಂದನ್ನು ಬಯಲಿಗೆಳೆದ. ಬ್ರಿಟಿಷ್ ಮ್ಯೂಸಿಯಂನ ಹಳೆಯ ನಾಟಕದ ಪುಸ್ತಕಗಳಿಂದ ಹಾಳೆ ಕದ್ದು ವೈಸ್ ತನ್ನ ಪ್ರತಿಗಳನ್ನು ಪೂರ್ತಿ ಮಾಡಿಕೊಂಡಿದ್ದ. ಅಷ್ಟು ದೊಡ್ಡವನ ಮಾತನ್ನು ಮುರಿದದ್ದು ಒಂದು ಎಳೆ ನಾರು. ಆದ್ದರಿಂದ ಮಾರುವವನ ಹೆಸರು ನೋಡಿ ನಂಬಬೇಡಿ, ನಾನು ಹೇಳಿದೆ ಎಂದೂ ನಂಬಬೇಡಿ, ವಸ್ತುವನ್ನು ನೋಡಿ. ಇಂದು ಜಾಸ್ತಿ ಇರುವುದು ನಕಲಿ ಜಾಕೆಟ್‌ಗಳು. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿ ಇಟ್ಟುಕೊಳ್ಳಿ. ಹಳೆಯ ಅಚ್ಚಿನಲ್ಲಿ ಅಕ್ಷರ ಗಟ್ಟಿಯಾಗಿ ಕೂತಿರುತ್ತದೆ. ಕಂಪ್ಯೂಟರ್ ಪ್ರಿಂಟರ್‌ನದಾದರೆ ಬಣ್ಣದ ಪುಡಿ ಚುಕ್ಕೆಗಳು ಕಾಣುತ್ತವೆ. ಜಾಕೆಟ್ ತಿರುಗಿಸಿ ಹಿಂಬದಿ ನೋಡಿ, 80 ವರ್ಷದ ಕಾಗದ ಬೆಳ್ಳಗೆ ಇರುವುದಿಲ್ಲ.

ಕೊನೆಗೆ ಶಿವಮೊಗ್ಗದ ಮಳೆ. ಈ ಪುಸ್ತಕಗಳಿಗೆ ನಿಮ್ಮಲ್ಲಿ ದೊಡ್ಡ ಶತ್ರು ತೇವ. ಮತ್ತೆ ಟ್ರಂಕಿಗೆ ಹಾಕಬೇಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಬೇಡಿ, ಒಳಗೇ ಬೆವತು ಬೂಷ್ಟು ಹಿಡಿಯುತ್ತದೆ. ಹೊರಗೋಡೆಗೆ ತಾಗದ, ಬಿಸಿಲು ಬೀಳದ ಕಪಾಟಿನಲ್ಲಿ, ನೆಲದಿಂದ ಮೇಲೆ, ಗಾಳಿ ಆಡುವಂತೆ ನಿಲ್ಲಿಸಿಡಿ. ಮಳೆಗಾಲದಲ್ಲಿ ಸಿಲಿಕಾ ಜೆಲ್ ಪೊಟ್ಟಣ ಇಡಿ, ಆಗಾಗ ಬದಲಿಸಿ. ಬೇವಿನ ಎಲೆ ಹಾಕುವುದಿದ್ದರೆ ಕಪಾಟಿನ ಮೂಲೆಯಲ್ಲಿ ಬಟ್ಟೆಗೆ ಕಟ್ಟಿ ಹಾಕಿ, ಹಾಳೆಗಳ ಮಧ್ಯೆ ಇಟ್ಟರೆ ಕಲೆ ಬೀಳುತ್ತದೆ. ಗೆದ್ದಲು, ಸಿಲ್ವರ್‌ಫಿಶ್ ಹುಳ ಬಂದಿವೆಯಾ ಎಂದು ತಿಂಗಳಿಗೊಮ್ಮೆ ಪುಸ್ತಕ ತೆಗೆದು ನೋಡಿ. ತೆಗೆದು ನೋಡುವುದಕ್ಕಿಂತ ಒಳ್ಳೆಯ ಔಷಧಿ ಇಲ್ಲ. ಇನ್ನು, ನೂರು ವರ್ಷ ದಾಟಿದ ಪುಸ್ತಕವನ್ನು ಹೊರದೇಶಕ್ಕೆ ಮಾರುವ ಯೋಚನೆ ಬಂದರೆ, 1972ರ ಪ್ರಾಚೀನ ವಸ್ತುಗಳ ಕಾಯ್ದೆ ಅಡ್ಡ ಬರುತ್ತದಾ ಎಂದು ಪುರಾತತ್ವ ಇಲಾಖೆಯಲ್ಲಿ ಮೊದಲು ವಿಚಾರಿಸಿ.

ನಿಮ್ಮ ತಾತ ಅಂಚಿನಲ್ಲಿ ಪೆನ್ಸಿಲಿನಲ್ಲಿ ಏನಾದರೂ ಬರೆದಿದ್ದರೆ ಅಳಿಸಬೇಡಿ. ಹೆಸರು, ಊರು, ಇಸವಿ ಇದ್ದರೆ ಇನ್ನೂ ಒಳ್ಳೆಯದು. ಆಸ್ಟೆನ್ ತನ್ನ ಗೆಳತಿ ಆನ್ ಶಾರ್ಪ್‌ಗೆ ಕೊಡಿಸಿದ ‘ಎಮ್ಮಾ’ ಪ್ರತಿ 2008ರಲ್ಲಿ ಲಂಡನ್ ಹರಾಜಿನಲ್ಲಿ 1,80,000 ಪೌಂಡ್ ತಂದಿತು. ಆನ್ ಶಾರ್ಪ್ ಆಸ್ಟೆನ್‌ಳ ಅಣ್ಣನ ಮನೆಯಲ್ಲಿ ಮಕ್ಕಳಿಗೆ ಪಾಠ ಹೇಳುತ್ತಿದ್ದವಳು, ಆಕೆಯೂ ಒಬ್ಬ ಮೇಷ್ಟ್ರೇ. ಲಂಡನ್ನಿನ ಪಿಕ್‌ವಿಕ್ ಮೈಸೂರಿನ ನಿಮ್ಮ ತಾತನ ಕೈಗೆ ಯಾರಿಂದ, ಯಾವಾಗ ಬಂತು ಎಂದು ಮನೆಯ ಹಿರಿಯರನ್ನು ಕೇಳಿ, ಒಂದು ಹಾಳೆಯಲ್ಲಿ ಬರೆದು ಪುಸ್ತಕದ ಪಕ್ಕದಲ್ಲಿಡಿ. ಆಮೇಲೆ ಆ ಹೋಟೆಲಿನ ಬೋರ್ಡಿನ ಮೇಲೆ ಯಾವ ಅಕ್ಷರ ಇದೆ ಎಂದು ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.